ಛತ್ರವೋ, ಗುಡಿಯೋ, ಮಾವಿನ ತೋಪೋ?

ಮದುವೆ ಗೊತ್ತಾಯಿತು ಎಂದರೆ ನಮ್ಮ ಕಡೆ ಮೊದಲು ಕೇಳುತ್ತಿದ್ದುದು ಎರಡೇ ಮಾತು. ಗಂಡು ಯಾವ ಊರಿನವನು? ಮುಹೂರ್ತ ಎಂದು? ‘ಎಲ್ಲಿ’ ಎನ್ನುವುದು ಪ್ರಶ್ನೆಯೇ ಆಗಿರಲಿಲ್ಲ. ಹೆಣ್ಣಿನ ಮನೆ ಮುಂದೆಯೋ ಗಂಡಿನ ಮನೆ ಮುಂದೆಯೋ ಚಪ್ಪರ ಏಳುತ್ತಿತ್ತು. ಊರಿಗೊಂದು ಛತ್ರವಾದ ಮೇಲೆ ಛತ್ರದಲ್ಲಿ. ಅಲ್ಲಿಗೆ ಮುಗಿಯಿತು. ಈಗ ಹಾಗಿಲ್ಲ ನೋಡಿ. ಹುಡುಗ ಹುಡುಗಿ ಒಪ್ಪಿದ ಸಂಜೆಯಿಂದಲೇ ‘ಎಲ್ಲಿ’ ಎಂಬ ಪುರಾಣ ಶುರುವಾಗುತ್ತದೆ. ಮೊಬೈಲಿಗೆ ಫೋಟೋಗಳು ಬಂದು ಬೀಳುತ್ತವೆ. ಕೆರೆದಂಡೆಯ ಮಂಟಪ, ಬೆಟ್ಟದ ನೆತ್ತಿಯಲ್ಲಿ ಹಸೆಮಣೆ, ಮಾವಿನ ಕೊಂಬೆಗಳಿಗೆ ಜೋತುಬಿಟ್ಟ ಸಾವಿರ ದೀಪ. ಇದಕ್ಕೆ ‘ಡೆಸ್ಟಿನೇಷನ್ ವೆಡ್ಡಿಂಗ್’ ಎಂದು ಹೆಸರು. ಕನ್ನಡದಲ್ಲಿ ಏನನ್ನಬೇಕೋ ತಿಳಿಯದು. ‘ಪರಸ್ಥಳದ ಮದುವೆ’ ಎಂದರೆ ಮನೆಯವರಿಗೆ ಹೇಳದೆ ಓಡಿಹೋಗಿ ಮಾಡಿಕೊಂಡ ಹಾಗೆ ಕೇಳಿಸುತ್ತದೆ!

ಪುಸ್ತಕಕ್ಕೆ ವಿಮರ್ಶೆಯಿದೆ, ಸಿನಿಮಾಕ್ಕಿದೆ, ನಾಟಕಕ್ಕಿದೆ. ಒಂದು ಸಂಸಾರದ ಹತ್ತು ವರ್ಷದ ಉಳಿತಾಯವನ್ನು ಎರಡು ದಿನದಲ್ಲಿ ನುಂಗುವ ಮದುವೆಯ ಜಾಗಕ್ಕೆ ಮಾತ್ರ ಜಾಹೀರಾತಿದೆ, ವಿಮರ್ಶೆಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳ ಮದುವೆಗಳಲ್ಲಿ ನಲವತ್ತು ವರ್ಷ ಅಕ್ಷತೆ ಹಾಕಿ, ಉಂಡು, ಎಲೆ ಎತ್ತಿ ಬಂದವಳು ನಾನು. ಉಂಡವರಿಗೆ ಅಷ್ಟು ಮಾತಾಡುವ ಹಕ್ಕು ಇದ್ದೇ ಇದೆ.

ಮೊದಲಿಗೇ ಒಂದು ಮಾತು. ಹೆಸರು ಹೊಸದೇ ಹೊರತು ವಿಷಯ ಹೊಸದಲ್ಲ. ಊರು ಬಿಟ್ಟು ಹೋಗಿ ಮದುವೆ ಮಾಡುವುದು ನಮ್ಮ ಸೀಮೆಗೆ ಅಜ್ಜಿಯರ ಕಾಲದಿಂದ ಗೊತ್ತು. ನಮ್ಮ ಹೆದ್ದಾರಿ ಹೋಗುವುದೇ ತಿರುಪತಿಯ ದಿಕ್ಕಿಗೆ. ಮುಳಬಾಗಿಲು, ನಂಗಲಿ ದಾಟಿದರೆ ಆಂಧ್ರ. ಪಲಮನೇರು, ಚಿತ್ತೂರು, ಆಮೇಲೆ ಬೆಟ್ಟ. ‘ಮಗಳ ಮದುವೆ ನಿನ್ನ ಸನ್ನಿಧಿಯಲ್ಲೇ ಮಾಡ್ತೀನಪ್ಪಾ’ ಎಂದು ಹರಕೆ ಹೊತ್ತ ತಾಯಂದಿರು ನಮ್ಮ ಬೀದಿಬೀದಿಯಲ್ಲೂ ಇದ್ದರು. ಒಂದು ಬಸ್ಸು, 30-40 ಜನ, ಬುಟ್ಟಿ ತುಂಬ ಪುಳಿಯೋಗರೆ. ಬೆಟ್ಟ ಹತ್ತಿ, ತಾಳಿ ಕಟ್ಟಿಸಿ, ದರ್ಶನ ಮಾಡಿ ಮಾರನೆಯ ದಿನ ಊರಿಗೆ. ನನ್ನ ಕಣ್ಣಿಗೆ ಆ ಹರಕೆಗಳಲ್ಲಿ ಭಕ್ತಿಯಷ್ಟೇ ಜಾಣತನವೂ ಕಾಣುತ್ತಿತ್ತು. ಊರೆಲ್ಲ ಕರೆದು ಉಣ್ಣಿಸುವ ಶಕ್ತಿ ಇಲ್ಲದವರಿಗೆ ‘ಹರಕೆ ಇತ್ತು’ ಎನ್ನುವುದು ಮರ್ಯಾದೆಯ ಸೆರಗಾಗಿತ್ತು. ಕರೆಯಲಿಲ್ಲವೆಂದು ಯಾರೂ ಮುನಿಯುವಂತಿರಲಿಲ್ಲ. ದೇವರ ಮೇಲೆ ಯಾರು ಮುನಿದಾರು? 2016ರಿಂದ ತಿರುಮಲದ ಕಲ್ಯಾಣ ವೇದಿಕೆಯಲ್ಲಿ ದೇವಸ್ಥಾನದವರೇ ಪುರೋಹಿತರನ್ನೂ ಮಂಗಳವಾದ್ಯವನ್ನೂ ಪುಕ್ಕಟೆಯಾಗಿ ಒದಗಿಸುತ್ತಾ ಬಂದಿದ್ದಾರೆ. ಅಂದರೆ ಜನ ಕಡಿಮೆ, ಖರ್ಚೂ ಕಡಿಮೆ. ಈಗಿನ ರಿಸಾರ್ಟ್ ಮದುವೆಯಲ್ಲೂ ಜನ ಕಡಿಮೆಯೇ. ಖರ್ಚು ಮಾತ್ರ ಊರೆಲ್ಲ ಕರೆದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು!

ಆ ತಿಮ್ಮಪ್ಪನ ಕಥೆಯನ್ನೇ ತೆಗೆದುಕೊಳ್ಳಿ. ಪದ್ಮಾವತಿಯನ್ನು ಮದುವೆಯಾಗಲು ಕುಬೇರನ ಹತ್ತಿರ ಸಾಲ ತೆಗೆದ, ಇನ್ನೂ ಬಡ್ಡಿ ಕಟ್ಟುತ್ತಿದ್ದಾನೆ, ಹುಂಡಿ ಇರುವುದೇ ಅದಕ್ಕೆ ಎನ್ನುತ್ತಾರೆ. ಮದುವೆ ಸಾಲ ದೇವರನ್ನೂ ಬಿಡಲಿಲ್ಲ ಎಂದು ಗಂಡಸರು ನಗುತ್ತಾರೆ. ನಮ್ಮ ಹೆಂಗಸರು ಗಮನಿಸಬೇಕಾದ್ದು ಬೇರೆ. ಆ ಸಾಲ ಮಾಡಿದವನು ವರ. ಹೆಣ್ಣಿನ ತಂದೆ ಆಕಾಶರಾಜನಲ್ಲ! ಈ ಅಂಶ ನಮ್ಮ ಬೀಗರ ಕಿವಿಗೆ ಯಾಕೋ ಬೀಳುವುದೇ ಇಲ್ಲ.

ಹೆಣ್ಣಿನ ಮನೆಯವರೇ ಮದುವೆ ಮಾಡಿಕೊಡಬೇಕು ಎಂಬುದನ್ನು ನಾವು ಅನಾದಿ ಕಾಲದ ಶಾಸ್ತ್ರವೆಂದುಕೊಂಡಿದ್ದೇವೆ. ಹಾಗೇನೂ ಇರಲಿಲ್ಲ. ಹಳೆಯ ಮೈಸೂರಿನ ಅನೇಕ ಸಮುದಾಯಗಳಲ್ಲಿ ಗಂಡಿನ ಮನೆ ಮುಂದೆ ಚಪ್ಪರ ಹಾಕಿ ಹೆಣ್ಣನ್ನು ಕರೆದುಕೊಂಡು ಬರುತ್ತಿದ್ದರು. ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲಿಯೇ ಪುಸ್ತಕ ಬರೆದ ಎಂ. ಎನ್. ಶ್ರೀನಿವಾಸ್ ಈ ತೆರ, ವರದಕ್ಷಿಣೆಗಳ ವಿಚಾರವನ್ನು ಚರ್ಚಿಸಿದ್ದಾರೆ. ಓದು, ನೌಕರಿ, ಪಟ್ಟಣದ ಗಾಳಿ ಬಂದಂತೆ ತೆರ ಹೋಯಿತು, ವರದಕ್ಷಿಣೆ ಬಂತು. 1961ರಲ್ಲಿ ವರದಕ್ಷಿಣೆ ನಿಷೇಧದ ಕಾಯ್ದೆಯೂ ಬಂತು. ಆಮೇಲೆ ‘ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ’ ಎಂಬ ಹೊಸ ವಾಕ್ಯ ಹುಟ್ಟಿತು. ಈ ‘ಚೆನ್ನಾಗಿ’ ಎಂಬ ಮೂರಕ್ಷರದ ಒಳಗೆ ಎಷ್ಟು ಎಕರೆ ಜಮೀನು ಕರಗಿದೆಯೋ! ಅದರ ಈಗಿನ ಅರ್ಥವೇ ‘ರಿಸಾರ್ಟ್’. ನಮ್ಮದು ಚಿನ್ನದ ಗಣಿಯ ಜಿಲ್ಲೆ ಬೇರೆ. 2001ರ ಫೆಬ್ರವರಿಯಲ್ಲಿ ಕೆ.ಜಿ.ಎಫ್. ಗಣಿಗಳ ಬಾಯಿ ಮುಚ್ಚಿತು, ಮದುವೆಯಲ್ಲಿ ಚಿನ್ನ ಕೇಳುವವರ ಬಾಯಿ ಮುಚ್ಚಲಿಲ್ಲ.

ಮನೆ ಮುಂದಿನ ಚಪ್ಪರವನ್ನು ನೆನೆದು ಕಣ್ಣೀರಿಡುವವರಲ್ಲಿ ಹೆಚ್ಚಿನವರು ಗಂಡಸರೇ. ಹಾಲುಗಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ಮಾವಿನ ತೋರಣ ಕಟ್ಟಿ, ಕುಂಬಾರರ ಮನೆಯಿಂದ ಐರಣಿ ಮಡಕೆ ತಂದು... ಎಂದು ಅವರು ವರ್ಣಿಸುವಾಗ ನನಗೆ ಕಾಣುವುದು ಹಿತ್ತಲು. ಮೂರು ಕಲ್ಲಿನ ಒಲೆ, ಹೊಗೆ, ಕೊಪ್ಪರಿಗೆ, ಒಂದು ಮೂಟೆ ಈರುಳ್ಳಿಯ ಮುಂದೆ ಕುಳಿತ ಅತ್ತಿಗೆ ನಾದಿನಿಯರು. ನಮ್ಮ ತಾಯಿ ತನ್ನ ತಂಗಿಯ ಮದುವೆಯಲ್ಲಿ ಧಾರೆ ನೋಡಲಿಲ್ಲ. ವಾಲಗದ ಸದ್ದು ಜೋರಾದದ್ದು ಕೇಳಿ ‘ಓ, ತಾಳಿ ಕಟ್ಟಿದರು’ ಎಂದು ಒಲೆಯ ಮುಂದೆಯೇ ಎರಡು ಅಕ್ಕಿಕಾಳು ತೂರಿದ್ದಳಂತೆ. ಮಡಿವಾಳರು, ಕುಂಬಾರರು, ತಮಟೆಯವರು ಎಲ್ಲರೂ ಬರುತ್ತಿದ್ದರು ನಿಜ. ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು, ಯಾರು ಚಪ್ಪರದ ಹೊರಗೆ ಕಾಯಬೇಕು ಎಂಬುದೂ ಅಷ್ಟೇ ನಿಜ. ‘ಊರೇ ಒಂದಾಗುತ್ತಿತ್ತು’ ಎನ್ನುವವರು ಚಪ್ಪರದ ಕೊನೆಯ ಕಂಬದ ಆಚೆ ನಿಂತವರನ್ನೂ ಒಂದು ಮಾತು ಕೇಳಿ ಹೇಳಬೇಕು.

ಆದ್ದರಿಂದ ಛತ್ರ ಬಂದಾಗ ಹೆಂಗಸರು ದೇವರಿಗೆ ಕೈಮುಗಿದರು. ಅಡುಗೆ ಭಟ್ಟರಿಗೆ ಕಂಟ್ರಾಕ್ಟ್ ಕೊಟ್ಟರೆ ಹಿತ್ತಲಿನ ಕೆಲಸ ತಪ್ಪಿತು. ಮೊದಲ ಸಲ ನಮ್ಮ ವಯಸ್ಸಿನವರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕುರ್ಚಿಯ ಮೇಲೆ ಕೂತು ಮದುವೆ ನೋಡಿದ್ದು ಛತ್ರದಲ್ಲಿಯೇ. ಆ ಋಣವನ್ನು ನಾನು ಮರೆಯಲಾರೆ. ಆದರೆ ಛತ್ರ ಕಟ್ಟಿಸುವವರು ಮದುವೆಯನ್ನು ವೇದಿಕೆಯ ಕಾರ್ಯಕ್ರಮ ಎಂದುಕೊಂಡಂತಿದೆ. ಎತ್ತರದ ಕಟ್ಟೆ, ಅದರ ಮೇಲೆ ಸಿಂಹಾಸನದಂಥ ಎರಡು ಕುರ್ಚಿ, ಕಣ್ಣು ಕುಕ್ಕುವ ದೀಪ. ಮುಹೂರ್ತದ ಹೊತ್ತಿಗೆ ಆ ಕಟ್ಟೆಯ ಅಂಚಿನಲ್ಲಿ ಫೋಟೋದವರು, ವಿಡಿಯೋದವರು ಗೋಡೆಯ ಹಾಗೆ ನಿಲ್ಲುತ್ತಾರೆ. ಐನೂರು ಜನಕ್ಕೆ ಕಾಣುವುದು ಅವರ ಬೆನ್ನು! ನಮ್ಮ ತಾಯಿಗೆ ಒಲೆಯ ಹೊಗೆ ಅಡ್ಡವಾಗಿತ್ತು, ನಮಗೆ ಕ್ಯಾಮೆರಾದವರ ಬೆನ್ನು ಅಡ್ಡವಾಯಿತು. ಹೆಣ್ಣಿನ ಕಡೆಯವರಿಗೆ ಕೊಡುವ ಕೋಣೆ ಗಂಡಿನ ಕಡೆಯವರ ಕೋಣೆಗಿಂತ ಚಿಕ್ಕದಾಗಿಯೇ ಇರಬೇಕೆಂದು ಯಾವ ವಾಸ್ತುಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ.

ಕಲ್ಯಾಣ ಮಂಟಪ ಎಂಬ ಮಾತನ್ನೂ ಛತ್ರದವರು ದೇವರ ಮನೆಯಿಂದ ಕಡ ತಂದದ್ದು. ಕೋಲಾರದ ಸೋಮೇಶ್ವರನ ಗುಡಿಗೆ ಹೋದವರು ಅಲ್ಲಿನ ಕಲ್ಯಾಣ ಮಂಟಪವನ್ನು ನಿಂತು ನೋಡಿರಬೇಕು. ವಿಜಯನಗರ ಕಾಲದ ಕೆಲಸ; ಕಂಬದ ಮೇಲೆ ಕೈಯಿಟ್ಟರೆ ಕಲ್ಲು ಎನ್ನಿಸುವುದಿಲ್ಲ, ಯಾರೋ ಕಡೆದ ಮರ ಎನ್ನಿಸುತ್ತದೆ. ಹಳೆಯ ಕೋಲಾರ ಜಿಲ್ಲೆಯದೇ ಆಗಿದ್ದು 2007ರಲ್ಲಿ ಚಿಕ್ಕಬಳ್ಳಾಪುರಕ್ಕೆ ಸೇರಿದ ನಂದಿಯ ಭೋಗನಂದೀಶ್ವರದಲ್ಲಿ ಉಮಾಮಹೇಶ್ವರರ ಮುಂದೆ ಇನ್ನೊಂದಿದೆ. ಕರಿಕಲ್ಲಿನ ಆ ನಾಲ್ಕು ಕಂಬಗಳಲ್ಲಿ ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ ಜೋಡಿಜೋಡಿಯಾಗಿ ನಿಂತಿದ್ದಾರೆ. ಗಡಿಯಾಚೆಯ ಲೇಪಾಕ್ಷಿಯಲ್ಲಿ ಮುಗಿಯದೇ ನಿಂತ ಕಲ್ಯಾಣ ಮಂಟಪವೂ ಉಂಟು. ಇವೆಲ್ಲ ದೇವರ ಮದುವೆಗೆಂದು ಕಟ್ಟಿದವು. ಗಮನಿಸಿ ನೋಡಿ, ಎಷ್ಟು ಚಿಕ್ಕವು! ದಂಪತಿ, ಪುರೋಹಿತ, ನಾಲ್ಕು ಜನ. ನೋಡುವವರು ಸುತ್ತಲೂ ಬಯಲಿನಲ್ಲಿ ನಿಲ್ಲಬೇಕು, ಯಾವ ಕಡೆಯಿಂದ ನಿಂತರೂ ಕಾಣಬೇಕು. ಇಷ್ಟು ಸರಳವಾದ ಸಂಗತಿ ನಮ್ಮ ಛತ್ರದ ಎಂಜಿನಿಯರುಗಳಿಗೆ ಹೊಳೆಯದೇ ಹೋದದ್ದು ಆಶ್ಚರ್ಯ.

ಈಗ ಈ ಮಂಟಪಗಳ ಮೇಲೆ ಮದುವೆಗೆ ಮುಂಚಿನ ಫೋಟೋದವರ ಕಣ್ಣು ಬಿದ್ದಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಸಭೆ, ಆರತಕ್ಷತೆ, ಔತಣಗಳನ್ನು ನಡೆಸುವಂತಿಲ್ಲ ಎಂದು 1959ರ ನಿಯಮಗಳೇ ಹೇಳುತ್ತವೆ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಮಾತ್ರ ವಿನಾಯಿತಿ. ನಿಯಮದ ಮಾತು ಬಿಡಿ, ನೋಟದ ಮಾತು ಹೇಳುತ್ತೇನೆ. ಒಮ್ಮೆ ಊರಾಚೆಯ ಒಂದು ಹಳೆಯ ಕಲ್ಲಿನ ಮುಂದೆ ಹುಡುಗಿಯೊಬ್ಬಳನ್ನು ಒರಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಕಲ್ಲಿನಲ್ಲಿ ಮೇಲಕ್ಕೆತ್ತಿದ ಒಂದು ಕೈ, ಆ ಕೈತುಂಬ ಬಳೆ. ಹುಡುಗಿಗೂ ಅದೇ ರೀತಿ ಕೈ ಎತ್ತಿಸಿ, ಬಳೆ ಕಾಣುವಂತೆ ತೆಗೆದರು. ಚಿತ್ರ ಚೆನ್ನಾಗಿಯೇ ಬಂದಿರಬೇಕು. ಅದು ಮಾಸ್ತಿಕಲ್ಲು. ಗಂಡನ ಚಿತೆ ಹತ್ತಿದವಳ ಕೈ ಅದು. ಮಾಲೂರು ತಾಲ್ಲೂಕಿನ ಮಾಸ್ತಿ ನಮಗೆಲ್ಲ ಕತೆಗಾರರ ಊರಾಗಿ ಗೊತ್ತು, ಆ ಹೆಸರು ‘ಮಹಾಸತಿ’ಯಿಂದ ಬಂದದ್ದೆಂದೂ ಹೇಳುತ್ತಾರೆ. ಹಳೆಯ ಕಲ್ಲೆಲ್ಲ ಒಂದೇ, ಹಿನ್ನೆಲೆಗೆ ಚೆಂದ ಎನ್ನುವ ಕ್ಯಾಮೆರಾಕ್ಕೆ ಇದನ್ನು ಯಾರು ಹೇಳಬೇಕು? ಹತ್ತಿರ ಹೋಗಿ ಆ ಹುಡುಗಿಗೆ ಹೇಳಿದೆ. ಅವಳು ಗಕ್ಕನೆ ಕೈ ಇಳಿಸಿದಳು. ಫೋಟೋದವನಿಗೆ ನನ್ನ ಮೇಲೆ ಸಿಟ್ಟು ಬಂತು, ಬರಲಿ.

ಗುಡಿಯ ಮದುವೆಗಳ ಬಗ್ಗೆ ನನ್ನ ಮನಸ್ಸು ಮೆತ್ತಗೆ. ಮಾಲೂರಿನವರಿಗೆ ಚಿಕ್ಕತಿರುಪತಿ ಇದೆ. ಅಲ್ಲಿನ ಸ್ಥಳಪುರಾಣದಲ್ಲಿ ಅಗ್ನಿ ಬರುತ್ತಾನೆ. ಯಜ್ಞದ ತುಪ್ಪ ಕುಡಿದು ಕುಡಿದು ಅಜೀರ್ಣವಾಗಿ ಖಾಂಡವವನ ತಿಂದ ಆ ಅಗ್ನಿಯೇ ಕಳೆದುಕೊಂಡ ತೇಜಸ್ಸನ್ನು ಮರಳಿ ಪಡೆಯಲು ಇಲ್ಲಿ ಪೂಜಿಸಿದನಂತೆ. ನಮ್ಮ ಮದುವೆ ಊಟಗಳ ಮಾರನೆಯ ದಿನದ ಅವಸ್ಥೆ ದೇವತೆಗಳಿಗೂ ತಪ್ಪಿದ್ದಲ್ಲ! ಮುಳಬಾಗಿಲಿನ ಕಡೆಯವರ ಮೊದಲ ಲಗ್ನಪತ್ರಿಕೆ ಕುರುಡುಮಲೆಗೆ. 13 ಅಡಿಗೂ ಎತ್ತರದ ಆ ಗಣಪನ ಮುಂದೆ ಚುನಾವಣೆಗೆ ಹೊರಟವರೂ ಮದುವೆಗೆ ಹೊರಟವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರಿಗೂ ಮುಂದಿನ ಐದು ವರ್ಷದ್ದೇ ಚಿಂತೆ. ಗುಡಿಯಲ್ಲಿ ತಾಳಿ ಕಟ್ಟಿ ಹತ್ತಿರದ ಛತ್ರದಲ್ಲಿ ಊಟ ಹಾಕಿದರೆ ಅಲಂಕಾರದ ಖರ್ಚೇ ಉಳಿಯಿತು. ಸಾವಿರ ವರ್ಷದ ಕಲ್ಲಿಗೆ ಥರ್ಮೋಕೋಲು ಹಚ್ಚುವ ಧೈರ್ಯ ಯಾರಿಗಿದೆ? ಆದರೆ ತಿಥಿ ನಕ್ಷತ್ರದ ಜೊತೆಗೆ ಹುಡುಗಿಯ ತಿಂಗಳ ಲೆಕ್ಕವನ್ನೂ ನಾಲ್ಕು ಜನ ಗಂಡಸರ ಮುಂದೆ ಮಾಡಬೇಕಾಗುತ್ತದೆ. ಮಾತ್ರೆ ನುಂಗಿ ಮುಟ್ಟು ಮುಂದೂಡಿ, ತಲೆ ಸುತ್ತುತ್ತಾ ಹಸೆಮಣೆಯ ಮೇಲೆ ಕೂತ ಮದುಮಗಳನ್ನು ನಾನು ಕಂಡಿದ್ದೇನೆ.

ಮುಳಬಾಗಿಲಿಗೆ ಸೇರಿದ ಆವನಿಯ ವಿಷಯ ಬೇರೆ. ಕೆಳಗೆ ರಾಮಲಿಂಗೇಶ್ವರ, ಬೆಟ್ಟದ ಮೇಲೆ ಸೀತಾ ಪಾರ್ವತಿ. ವಾಲ್ಮೀಕಿಯ ಆಶ್ರಮ ಇದ್ದದ್ದು ಇಲ್ಲೇ, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಜನರ ನಂಬಿಕೆ. ಮಕ್ಕಳಿಲ್ಲದ ಹೆಂಗಸರು ಆ ಬೆಟ್ಟ ಹತ್ತುತ್ತಾರೆ. ನಮ್ಮ ಪರಿಚಯದ ಮನೆಯಲ್ಲಿ ಮದುವೆಯ ಜಾಗದ ಮಾತು ನಡೆದಾಗ ಯಾರೋ ಆವನಿ ಎಂದರು. ‘ಗಂಡ ಬಿಟ್ಟವಳ ಬೆಟ್ಟದಾಗೆ ಧಾರೆ ಯಾಕಮ್ಮಾ, ಅಪಶಕುನ’ ಎಂದರು ಒಬ್ಬ ಹಿರಿಯರು. ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮನೆಯ ಅಜ್ಜಿ ತಲೆಯೆತ್ತದೆ ಹೇಳಿದರು: ‘ಬಿಟ್ಟ ಮೇಲೂ ಎರಡು ಮಕ್ಕಳ್ನ ಗಂಡಸರಾಗೋ ಹಂಗೆ ಸಾಕಿದ್ಲಲ್ಲ, ಆಯಮ್ಮನ ಮುಂದೇನೆ ಎರೀಬೇಕು ಧಾರೆ. ಆ ಹುಡುಗನಿಗೂ ಜ್ಞಾಪಕ ಇರ್ತದೆ.’ ಜಾಗದ ಆಯ್ಕೆಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಇದಕ್ಕಿಂತ ಮಿಗಿಲಾದದ್ದಿಲ್ಲ. ಮದುವೆ ಕೊನೆಗೆ ಛತ್ರದಲ್ಲೇ ಆಯಿತೆನ್ನಿ.

ಇನ್ನು ಮಾವಿನ ತೋಪು. ಶ್ರೀನಿವಾಸಪುರ ಎಂದರೆ ಮಾವು. ಬಾದಾಮಿ, ತೋತಾಪುರಿ, ಮಲ್ಲಿಕಾ, ನೀಲಂ ಎಂದು ಅಲ್ಲಿನ ಮಕ್ಕಳು ವರ್ಣಮಾಲೆಗಿಂತ ಮೊದಲು ಕಲಿಯುತ್ತಾರೆ. ಬೆಂಗಳೂರಿನ ಕಂಪ್ಯೂಟರ್ ಕೆಲಸದ ಹುಡುಗಿಯೊಬ್ಬಳ ಮದುವೆ, ಮೇ ತಿಂಗಳ ಕೊನೆ, ತಾತನ ತೋಪಿನಲ್ಲಿಯೇ ಆಗಬೇಕೆಂದು ಅವಳ ಹಟ. ಹೋದೆವು. ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಎತ್ತರದ ವೇದಿಕೆ ಇರಲಿಲ್ಲ. ಹಳೆಯ ಮರವೊಂದರ ಬುಡದಲ್ಲಿ ನೆಲ ಸಾರಿಸಿ ರಂಗೋಲಿ ಹಾಕಿದ್ದರು. ಮುದುಕಿಯರು ಮದುಮಕ್ಕಳಿಂದ ಮೂರು ಮಾರು ದೂರದಲ್ಲಿ ಚಾಪೆಯ ಮೇಲೆ ಕೂತು, ಮಂತ್ರದ ಮಧ್ಯೆ ಮಧ್ಯೆ ತೆಲುಗಿನಲ್ಲೊಂದು ಕನ್ನಡದಲ್ಲೊಂದು ತಮಾಷೆ ಹೇಳುತ್ತ ಧಾರೆ ನೋಡಿದರು. ಮಕ್ಕಳು ಉದುರಿದ ಕಾಯಿ ಆರಿಸಿ ಉಪ್ಪುಖಾರ ಹಚ್ಚಿ ತಿಂದರು. ಯಾರೂ ಯಾರನ್ನೂ ಗದರಲಿಲ್ಲ. ಹಾಗೆ ಮೈಬಿಚ್ಚಿ ನಕ್ಕ ಹೆಂಗಸರನ್ನು ನಾನು ಛತ್ರದಲ್ಲಿ ಕಂಡಿಲ್ಲ.

ಆಮೇಲಿನದನ್ನೂ ಹೇಳಬೇಕಲ್ಲ. ಹಣ್ಣಿನ ಕಾಲ, ನೊಣದ ಕಾಲವೂ ಹೌದು. ಹೋಳಿಗೆಯ ಮೇಲೆ ತುಪ್ಪ ಬೀಳುವ ಮೊದಲು ನೊಣ ಬೀಳುತ್ತಿತ್ತು. ಉತ್ತ ಮಣ್ಣಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಹೂತು ಬೀಗರೊಬ್ಬರು ಹಿಂದಕ್ಕೆ ಮಗುಚಿದರು. ನಾನೂರು ಜನಕ್ಕೆ ತಂದಿಟ್ಟದ್ದು ಎರಡು ತಾತ್ಕಾಲಿಕ ಶೌಚಾಲಯ. ಗಂಡಸರಿಗೆ ತೋಪೆಲ್ಲ ಇದ್ದೇ ಇತ್ತು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟ ಹೆಂಗಸರು ಒಂಬತ್ತು ಗಜದ ರೇಷ್ಮೆ ಹಿಡಿದುಕೊಂಡು ಆ ಎರಡು ಬಾಗಿಲುಗಳ ಮುಂದೆ ನಿಂತ ಸಾಲನ್ನು ಡ್ರೋನ್ ಕ್ಯಾಮೆರಾ ಮೇಲಿನಿಂದ ತೆಗೆದಿದೆಯೋ ಏನೋ, ಆಲ್ಬಂನಲ್ಲಿ ಮಾತ್ರ ಕಾಣಲಿಲ್ಲ. ನೀರು ಟ್ಯಾಂಕರಿನಲ್ಲಿ ಬಂತು. ಬೋರ್‌ವೆಲ್ಲುಗಳು ಪಾತಾಳಕ್ಕಿಳಿದ ಜಿಲ್ಲೆ ನಮ್ಮದು, ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು 2018ರಿಂದ ನಮ್ಮ ಕೆರೆಗಳನ್ನು ತುಂಬುತ್ತಿದೆ. ಇಂಥಲ್ಲಿ ಕೈತೊಳೆಯುವ ನಲ್ಲಿ ಸುರಿಯುತ್ತಲೇ ಇರುವುದನ್ನು ಕಂಡರೆ ಮಾವಿನ ಹಣ್ಣೂ ಒಗರಾಗುತ್ತದೆ. ಸಂಜೆ ಮಳೆ ಬಂತು. ಮೇ ಕೊನೆಯಲ್ಲಿ ಬರದೆ ಇನ್ನೆಂದು ಬರಬೇಕು? ಆರತಕ್ಷತೆ ತೋಪಿನ ಪಂಪ್‌ಹೌಸಿನ ಜಗಲಿಯಲ್ಲಿ ನಡೆಯಿತು. ಹುಡುಗಿ ನಗುತ್ತಲೇ ಇದ್ದಳು, ಅವಳ ತಂದೆ ಅಲಂಕಾರದವರ ಬಿಲ್ಲು ಹಿಡಿದುಕೊಂಡು ನೆನೆಯುತ್ತ ನಿಂತಿದ್ದರು.

ಇಷ್ಟಾದರೂ ತೋಪಿನ ಮದುವೆಗೆ ನಾನು ಒಳ್ಳೆಯ ಮಾತೇ ಆಡುತ್ತೇನೆ. ಅದು ಅವಳ ತಾತನ ತೋಪು, ಊರಿನವರು ನಡೆದುಕೊಂಡು ಬಂದರು. ತಂಟೆ ಇರುವುದು ಯಾರದೂ ಅಲ್ಲದ ಜಾಗದಲ್ಲಿ. ಬೆಂಗಳೂರಿನವರಿಗೆ ಕೋಲಾರ ಮಾಲೂರು ‘ಡೆಸ್ಟಿನೇಷನ್’; ಹೊಸಕೋಟೆ ದಾಟಿದರೆ ಅವರಿಗೆ ಹಳ್ಳಿಯ ಗಾಳಿ ಹತ್ತುತ್ತದೆ. ನಮ್ಮವರಿಗೆ ಬೆಂಗಳೂರಿನ ಆಚೆಯ ರಿಸಾರ್ಟೇ ಆಗಬೇಕು. ಎರಡು ದಿಬ್ಬಣಗಳು ಹೆದ್ದಾರಿಯ ಟೋಲ್‌ಗೇಟಿನಲ್ಲಿ ಎದುರುಬದುರಾಗಿ ನಿಂತು, ಅವರು ಇವರ ಊರಿಗೂ ಇವರು ಅವರ ಊರಿಗೂ ಹೋಗುವ ಸೊಗಸನ್ನು ನೀವೂ ಕಂಡಿರಬಹುದು. ಜಾಗವನ್ನೇ ಮದುವೆಗೆ ಕರೆಸಿಕೊಂಡವರೂ ಉಂಟು. 2016ರ ನವೆಂಬರಿನಲ್ಲಿ, ದೊಡ್ಡ ನೋಟು ರದ್ದಾಗಿ ನಾವೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತ ವಾರದಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವರೊಬ್ಬರ ಮಗಳ ಮದುವೆಗೆ ಹಂಪಿಯ ಗುಡಿಗಳ ಸೆಟ್ಟೇ ಎದ್ದಿತ್ತು. ಅಸಲಿ ಹಂಪಿ ರಾತ್ರಿಯ ರೈಲಿನಷ್ಟು ದೂರದಲ್ಲಿತ್ತು.

ನಮ್ಮ ಬಂಧುಗಳಲ್ಲಿ ಒಂದು ರಿಸಾರ್ಟ್ ಮದುವೆ ಆಯಿತು. ಪಟ್ಟಿ 150 ಜನದ್ದು, ಒಂದು ತಲೆಯೂ ಹೆಚ್ಚಾಗಬಾರದು. ಆ ಹುಡುಗಿಯನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿ, ತಾಯಿ ಕೆಲಸಕ್ಕೆ ಹೋದಾಗ ಉಣ್ಣಿಸಿ ಮಲಗಿಸಿದ ಸೋದರತ್ತೆಯೊಬ್ಬರಿದ್ದಾರೆ. ವಿಧವೆ, ಎಂಬತ್ತರ ಹತ್ತಿರ. ಅವರ ಹೆಸರು ಪಟ್ಟಿಯಲ್ಲಿತ್ತು. ಆದರೆ ಮೂರು ಗಂಟೆಯ ಪ್ರಯಾಣ, ಅಲ್ಲಿನ ಕೋಣೆಗಳಿಗೆಲ್ಲ ಮೆಟ್ಟಿಲು, ರಾತ್ರಿ ತಂಗಬೇಕು. ‘ನಿಮಗೇ ತೊಂದರೆ ಅತ್ತೆ, ಫೋನಿನಲ್ಲಿ ತೋರಿಸ್ತೀವಿ’ ಎಂದರು. ತೋರಿಸಿದರು ಕೂಡ. ಮದುವೆಯ ಮರುದಿನ ಹುಡುಗಿ ಗಂಡನ ಜೊತೆ ನೇರ ಅತ್ತೆಯ ಮನೆಗೆ ಬಂದು ಕಾಲಿಗೆ ಬಿದ್ದಳು. ಮುದುಕಿ ಸೆರಗಿನ ಗಂಟು ಬಿಚ್ಚಿ ಅವಳ ತಲೆಯ ಮೇಲೆ ಅಕ್ಷತೆ ಹಾಕಿದರು. ‘ತಾಳಿ ಕಟ್ಟೋ ಹೊತ್ತಿಗೆ ಹಿಡ್ಕೊಂಡೇ ಕೂತಿದ್ದೆ ಕಣೆ. ಎಲ್ಲಿಗೆ ಹಾಕೋದು, ಫೋನಿಗಾ?’ ಎಂದರು. ಹುಡುಗಿ ಅತ್ತಳು. ಆ ರಿಸಾರ್ಟಿನ ಹೂವಿನ ಚಪ್ಪರ, ಈಜುಕೊಳದಲ್ಲಿ ತೇಲಿಬಿಟ್ಟ ದೀಪ, ಹದಿನೆಂಟು ಬಗೆಯ ಸಿಹಿ ಎಲ್ಲವನ್ನೂ ಹೋದವರು ನನಗೆ ವರ್ಣಿಸಿದ್ದಾರೆ. ನನಗೆ ನೆನಪಿರುವುದು ಆ ಸೆರಗಿನ ಗಂಟು.

ಇನ್ನೊಂದು ಲೆಕ್ಕ ಪೇಟೆಯ ಮಕ್ಕಳಿಗೆ ತಿಳಿಯುವುದಿಲ್ಲ. ಮುಯ್ಯಿ. ಪ್ರತಿ ಮನೆಯ ಟ್ರಂಕಿನಲ್ಲಿ ಒಂದು ನೋಟ್‌ಪುಸ್ತಕ ಇರುತ್ತದೆ; ಯಾರ ಮದುವೆಗೆ ಎಷ್ಟು ಕೊಟ್ಟೆವು, 51 ರೂಪಾಯಿಯೋ 101 ರೂಪಾಯಿಯೋ, ನಮ್ಮ ಮನೆ ಮದುವೆಗೆ ಯಾರಿಂದ ಎಷ್ಟು ಬಂತು. ಅದು ಹೆಂಗಸರ ಚೀಟಿ ವ್ಯವಹಾರವೇ ಸರಿ, ಸುತ್ತು ಮಾತ್ರ ಮೂವತ್ತು ವರ್ಷದ್ದು. ಪತ್ರಿಕೆಯಲ್ಲಿ ‘ಉಡುಗೊರೆ ಬೇಡ, ಆಶೀರ್ವಾದವೇ ಸಾಕು’ ಎಂದು ಅಚ್ಚು ಹಾಕಿಸಿ 150 ಜನವನ್ನು ರಿಸಾರ್ಟಿಗೆ ಕರೆದೊಯ್ಯುವುದು ಶ್ರೀಮಂತರಿಗೆ ಸುಲಭ. ಮೂವತ್ತು ವರ್ಷ ಎಲ್ಲರಿಗೂ ಮುಯ್ಯಿ ಹಾಕಿದ ಬಡ ತಾಯಿ, ಮಗಳ ಹಟಕ್ಕೆ ದೂರದಲ್ಲಿ ಮದುವೆ ಮಾಡಿದರೆ ತಾನು ಕಟ್ಟಿದ ಚೀಟಿ ಎತ್ತದೆಯೇ ಬಿಟ್ಟಂತೆ. ಖರ್ಚು ಹೆಚ್ಚಾಗುವುದು ಎಲ್ಲರಿಗೂ ಕಾಣುತ್ತದೆ, ಈ ಬರಬೇಕಾದ್ದು ನಿಂತುಹೋಗುವುದು ಕಾಣುವುದಿಲ್ಲ.

ಹಾಗಾದರೆ ಮದುವೆಗೆ ನಿಜವಾಗಿ ಎಷ್ಟು ಜಾಗ ಬೇಕು? ಕಾನೂನನ್ನು ಕೇಳಿದರೆ ಏಳು ಹೆಜ್ಜೆಯಷ್ಟು. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ಎರಡರಲ್ಲಿ ಒಂದು ಕಡೆಯವರ ಪದ್ಧತಿಯ ವಿಧಿಗಳನ್ನು ಕೇಳುತ್ತದೆ. ಸಪ್ತಪದಿ ಇರುವವರಿಗೆ ಏಳನೆಯ ಹೆಜ್ಜೆಗೆ ಮದುವೆ ಪೂರ್ತಿ. 2024ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠ, ಮದುವೆ ಹಾಡು ಕುಣಿತಕ್ಕೂ ತಿಂದು ಕುಡಿಯುವುದಕ್ಕೂ ಇರುವ ಕಾರ್ಯಕ್ರಮವಲ್ಲ, ವಿಧಿಗಳು ನಡೆಯದೆ ಮದುವೆಯೇ ಆಗದು ಎಂಬ ಅರ್ಥದ ಮಾತು ಹೇಳಿತು. ಡ್ರೋನ್ ಹಾರಿಸುವ ಗಡಿಬಿಡಿಯಲ್ಲಿ ‘ಸಪ್ತಪದಿ ಬೇಗ ಮುಗಿಸಿ ಸ್ವಾಮಿ, ಬೆಳಕು ಹೋಗ್ತಿದೆ’ ಎಂದು ಪುರೋಹಿತರನ್ನು ಅವಸರಿಸಿದ್ದನ್ನು ಕೇಳಿದ್ದೇನೆ. ಆ ತೀರ್ಪು ಆಗ ನೆನಪಾಯಿತು.

ಕುವೆಂಪು ಅವರ ಮಂತ್ರ ಮಾಂಗಲ್ಯಕ್ಕೆ ಛತ್ರವೂ ಬೇಡ, ಮುಹೂರ್ತವೂ ಬೇಡ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ಆದದ್ದು. ನಮ್ಮ ಬಯಲುಸೀಮೆಯಿಂದ ಕುಪ್ಪಳಿಯವರೆಗೆ ಹೋಗಿ ಹಾಗೆ ಮದುವೆಯಾದವರೂ ಇದ್ದಾರೆ. ಇದೂ ದೂರದೂರಿನ ಮದುವೆಯೇ, ಆದರೆ ತಂದೆಯ ಜಮೀನು ಅಲ್ಲಾಡುವುದಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹಕ್ಕೂ ನಮ್ಮ ಕಡೆಯವರು ‘ಬಡವರ ಮದುವೆ’ ಎಂದು ಮೂಗು ಮುರಿಯುತ್ತಾರೆ. ಅಲ್ಲಿನ ಜೋಡಿಗಳ ತಂದೆತಾಯಿ ರಾತ್ರಿ ನಿದ್ದೆ ಮಾಡುತ್ತಾರೆ ಎಂಬುದನ್ನು ಮೂಗು ಮುರಿಯುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2020ರಲ್ಲಿ ಕೊರೋನಾ ಬಂದು 50 ಜನ ಎಂದು ಸರ್ಕಾರವೇ ಪಟ್ಟಿ ಕತ್ತರಿಸಿದಾಗ ನಮ್ಮ ಬೀದಿಯಲ್ಲಿ ಮನೆ ಮುಂದಿನ ಚಪ್ಪರ ಮತ್ತೆ ಎದ್ದಿತ್ತು. ಈ ಸಲ ಮನೆಯ ಹೆಂಗಸರು ಧಾರೆ ನೋಡಿದರು. ಅಡುಗೆಯ ಪಾತ್ರೆಗಳು ಕಂಟ್ರಾಕ್ಟಿನವರ ವ್ಯಾನಿನಲ್ಲಿ ಬಂದವು. ಸೋಂಕಿನ ಭಯವೊಂದು ಇಲ್ಲದಿದ್ದರೆ ಅಷ್ಟು ಹದವಾದ ಮದುವೆ ನಾನು ಬೇರೆ ಕಂಡಿಲ್ಲ. ನಿಯಮ ಸಡಿಲಾದ ಮೇಲೆ ಎಲ್ಲರೂ ಅದನ್ನು ಮರೆತರು.

ಪಕ್ಕದ ಮನೆಯಲ್ಲಿ ಮಗಳಿಗೆ ಮದುವೆ ಗೊತ್ತಾಗಿದೆ, ಗಂಡು ಮದನಪಲ್ಲಿಯ ಕಡೆ. ಹುಡುಗನಿಗೆ ಬೆಟ್ಟದ ಮೇಲಿನ ರಿಸಾರ್ಟು ಬೇಕಂತೆ, ತಂದೆಗೆ ಚಿಕ್ಕತಿರುಪತಿ, ಹುಡುಗಿ ಇನ್ನೂ ಬಾಯಿ ಬಿಟ್ಟಿಲ್ಲ. ಅವಳ ತಾಯಿ ಮೊನ್ನೆ ಬೇಲಿಯ ಆಚೆಯಿಂದ ‘ಏನ್ ನೋಡ್ಬೇಕು ಅಕ್ಕಾ ಜಾಗದಲ್ಲಿ?’ ಎಂದು ಕೇಳಿದಳು. ಹೆಂಗಸರ ಕಡೆ ಶೌಚಾಲಯ ಎಷ್ಟು, ಬಾಗಿಲಿಗೆ ಚಿಲಕ ಇದೆಯಾ. ಮದುಮಗಳ ಕೋಣೆಗೆ ಒಳಗಿನಿಂದ ಬೀಗ ಬೀಳುತ್ತದಾ. ಮೆಟ್ಟಿಲಿಲ್ಲದೆ ಒಳಗೆ ಹೋಗುವ ದಾರಿ ಇದೆಯಾ. ಕೊನೆಯ ಬಸ್ಸು ಎಷ್ಟು ಗಂಟೆಗೆ. ಮಿಕ್ಕ ಅನ್ನವನ್ನು ನಾವೇ ತೆಗೆದುಕೊಂಡು ಹೋಗಬಹುದಾ, ಅವರು ಸುರಿಸುತ್ತಾರಾ. ಮುಂಗಡ ವಾಪಸು ಕೊಡುವ ಮಾತನ್ನು ಕಾಗದದಲ್ಲಿ ಬರೆದುಕೊಡುತ್ತಾರಾ ಎಂದು ಬಾಯಿಗೆ ಬಂದಷ್ಟು ಹೇಳಿದೆ. ‘ಎಲ್ಲಕ್ಕಿಂತ ಮೊದಲು ನಿನ್ನ ಮಗಳನ್ನು ಕೇಳಮ್ಮ’ ಎಂದೂ ಹೇಳಿದೆ. ಭಾನುವಾರ ಮೂವರೂ ಮುಳಬಾಗಿಲಿನ ಒಂದು ಛತ್ರ ನೋಡಲು ಹೊರಟಿದ್ದಾರೆ. ಬರುವಾಗ ದೋಸೆ ಕಟ್ಟಿಸಿಕೊಂಡು ಬರುತ್ತೇನೆ ಎಂದಿದ್ದಾಳೆ.